ಹಬ್ಬ ಮುಗಿಯಿತು, ಡಬ್ಬ ಮುಗಿದಿಲ್ಲ

ಜನವರಿ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ವಿಷಯದವು. ಕ್ರಿಸ್‌ಮಸ್‌ಗೆ ತಂದ ಕೇಕು, ಹೊಸ ವರ್ಷದ ರಾತ್ರಿ ಕತ್ತರಿಸಿದ ಕೇಕು, ಪಕ್ಕದ ಮನೆಯವರು ಕೊಟ್ಟ ತಿಂಡಿ, ಆಫೀಸಿನಲ್ಲಿ ಕೊಟ್ಟ ಬಿಸ್ಕೆಟ್ ಡಬ್ಬ. ಎಲ್ಲವೂ ಅರ್ಧರ್ಧ ಉಳಿದಿವೆ. ಏನು ಮಾಡೋದು? ಈ ಸಲ ಇಡೀ ಅಂಕಣವನ್ನು ಇದಕ್ಕೇ ಇಟ್ಟಿದ್ದೇನೆ.

ಹೊಸ ಓದುಗರಿಗಾಗಿ ಒಂದು ಮಾತು. ನಾನು ಬೇಕರಿ ಮನೆಯಲ್ಲಿ ಬೆಳೆದವಳು. ಅಪ್ಪನಿಗೆ ಅರಸೀಕೆರೆಯಲ್ಲಿ ಸಣ್ಣ ಬೇಕರಿ ಇತ್ತು. ಸೌದೆ ಭಟ್ಟಿ, ಎರಡು ಗಾಜಿನ ಕಪಾಟು, ಅಷ್ಟೇ. ರಾತ್ರಿ ಬಾಗಿಲು ಹಾಕುವ ಮುಂಚೆ ಅಪ್ಪ ಉಳಿದದ್ದನ್ನೆಲ್ಲ ತೆಗೆದು ಮೂರು ಟ್ರೇಗೆ ಹಾಕುತ್ತಿದ್ದರು. ಒಂದು ರಸ್ಕಿಗೆ. ಒಂದು ಪುಡಿಗೆ. ಒಂದು ಎಸೆಯೋದಕ್ಕೆ. ಮುಟ್ಟಿ ನೋಡಿ, ಮೂಸಿ ನೋಡಿ, ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ‘ನಾಳೆ ನೋಡೋಣ’ ಅನ್ನುವ ನಾಲ್ಕನೇ ಟ್ರೇ ನಮ್ಮ ಅಂಗಡಿಯಲ್ಲಿ ಇರಲಿಲ್ಲ. ಮನೆಗಳಲ್ಲಿ ಹಾಳಾಗುವ ತಿಂಡಿಯೆಲ್ಲ ಆ ನಾಲ್ಕನೇ ಟ್ರೇಯಲ್ಲೇ ಹಾಳಾಗುತ್ತದೆ. ನಿಮ್ಮ ಪತ್ರಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಅದೇ ನೆನಪಾಯಿತು.

ಪ್ರಶ್ನೆ: ಅಕ್ಕಾ, ಡಿಸೆಂಬರ್ 23ಕ್ಕೆ 1 ಕಿಲೋ ಪ್ಲಮ್ ಕೇಕ್ ತಂದಿದ್ದೆವು. ಮನೆಯಲ್ಲಿ ಮೂರೇ ಜನ. ಅರ್ಧ ಹಾಗೇ ಇದೆ. ಈಗ ಗಟ್ಟಿಯಾಗಿ, ಕತ್ತರಿಸಿದರೆ ಉದುರುತ್ತಿದೆ. ಎಸೆಯೋಕೆ ಮನಸ್ಸು ಬರುತ್ತಿಲ್ಲ.
– ಗೃಹಿಣಿ, ಮೈಸೂರು

ಎಸೆಯಬೇಡಿ. ಉಳಿದ ಕೇಕುಗಳಲ್ಲಿ ಇದರಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರುವುದಿಲ್ಲ, ಗೊತ್ತಲ್ವಾ? ಹಿಂದೆ ಇಂಗ್ಲಿಷರು ಒಣದ್ರಾಕ್ಷಿಗೂ ಪ್ಲಮ್ ಅಂತಲೇ ಹೇಳುತ್ತಿದ್ದರು. ಆ ಹೆಸರು ಹಾಗೇ ಉಳಿಯಿತು. ಒಣಹಣ್ಣು ಜಾಸ್ತಿ, ಸಕ್ಕರೆ ಜಾಸ್ತಿ, ನೀರಿನ ಅಂಶ ಕಡಿಮೆ. ಅದಕ್ಕೇ ಈ ಕೇಕು ಬೇರೆ ಕೇಕಿಗಿಂತ ಜಾಸ್ತಿ ದಿನ ಬಾಳುತ್ತದೆ. ಕ್ರೀಮ್ ಇಲ್ಲದ, ಮುಚ್ಚಿಟ್ಟ ಕೇಕಾಗಿದ್ದರೆ ಮೊದಲು ಮೂಸಿ ನೋಡಿ. ಬೂಷ್ಟು ಇಲ್ಲ, ಹುಳಿ ವಾಸನೆ ಇಲ್ಲ ಅಂದರೆ ಅದು ಬರೀ ಒಣಗಿದೆ, ಅಷ್ಟೇ.

ಕತ್ತರಿಸೋಕೆ ಬರುವ ಭಾಗವನ್ನು ಮೊದಲು ಮೆತ್ತಗೆ ಮಾಡಿಕೊಳ್ಳಿ. ಈಗ ಕಿತ್ತಳೆ ಕಾಲ. 4 ಚಮಚ ಕಿತ್ತಳೆ ರಸಕ್ಕೆ 1 ಚಮಚ ಸಕ್ಕರೆ ಹಾಕಿ ಬಿಸಿ ಮಾಡಿ. ಕೇಕಿಗೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಬೆಚ್ಚಗಿನ ರಸವನ್ನು ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಬೆಣ್ಣೆ ಕಾಗದದಲ್ಲಿ ಸುತ್ತಿ, ಡಬ್ಬದಲ್ಲಿಟ್ಟು ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊಸ ಕೇಕಿನ ಹಾಗೆ ಕತ್ತರಿಸಬಹುದು. ಆದರೆ ಒಂದು ಸಲ ರಸ ಕುಡಿದ ಕೇಕು ಮೊದಲಿನ ಹಾಗೆ ಬಾಳುವುದಿಲ್ಲ. ಎರಡು–ಮೂರು ದಿನದಲ್ಲಿ ಮುಗಿಸಿಬಿಡಿ.

ಉದುರಿದ ಭಾಗದಿಂದ ಪುಡಿಂಗ್ ಮಾಡಿ. ಇದು ನಮ್ಮ ಮನೆಯಲ್ಲಿ ಪ್ರತಿ ಜನವರಿಗೂ ಆಗುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸುಮಾರು 300 ಗ್ರಾಂ ಕೇಕನ್ನು ಕೈಯಲ್ಲೇ ಮುರಿದು, ತುಪ್ಪ ಸವರಿದ ಸ್ಟೀಲ್ ಡಬ್ಬಿಗೆ ಹಾಕಿ. ಅರ್ಧ ಲೀಟರ್ ಹಾಲಿನಲ್ಲಿ ಅರ್ಧ ಲೋಟ ತಣ್ಣಗಿರುವಾಗಲೇ ತೆಗೆದಿಟ್ಟು, ಅದರಲ್ಲಿ 2 ದೊಡ್ಡ ಚಮಚ ಕಸ್ಟರ್ಡ್ ಪುಡಿ ಗಂಟಿಲ್ಲದೆ ಕಲಸಿ. ಉಳಿದ ಹಾಲು ಕುದಿಯುವಾಗ ಇದನ್ನು ಸುರಿದು, ಸೌಟಿನ ಬೆನ್ನಿಗೆ ಅಂಟುವಷ್ಟು ಗಟ್ಟಿ ಬರುವ ತನಕ ತಿರುವಿ. ಸಕ್ಕರೆ ಬೇಡ. ಕೇಕಿನಲ್ಲೇ ಬೇಕಾದಷ್ಟಿದೆ. ಒಂದು ಚಿಟಿಕೆ ಉಪ್ಪು, ಸ್ವಲ್ಪ ಜಾಯಿಕಾಯಿ ಪುಡಿ ಹಾಕಿ. ಬಿಸಿ ಹಾಲನ್ನು ಕೇಕಿನ ಮೇಲೆ ಸುರಿದು ಹತ್ತು ನಿಮಿಷ ಸುಮ್ಮನೆ ಬಿಡಿ. ಈ ಹತ್ತು ನಿಮಿಷ ಬಿಟ್ಟುಬಿಟ್ಟರೆ ಪುಡಿಂಗಿನ ಮಧ್ಯೆ ಒಣ ತುಂಡು ಸಿಗುತ್ತದೆ. ಆಮೇಲೆ ಡಬ್ಬಿ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಹಬೆಯಲ್ಲಿ ಬೇಯಿಸಿ. ಮೊಟ್ಟೆ ತಿನ್ನುವವರು ಕಸ್ಟರ್ಡ್ ಪುಡಿ ಬದಲು 2 ಮೊಟ್ಟೆ ಒಡೆದು ಬೆಚ್ಚಗಿನ ಹಾಲಿಗೆ ಕಲಸಿ, ಇದೇ ರೀತಿ 30 ನಿಮಿಷ ಬೇಯಿಸಬಹುದು. ಬಿಸಿಯಾಗಿ ತಿಂದರೆ ಒಂದು ರುಚಿ, ಫ್ರಿಜ್ಜಿನಲ್ಲಿಟ್ಟು ತಿಂದರೆ ಇನ್ನೊಂದು. ನನಗೆ ತಣ್ಣಗಿದ್ದದ್ದೇ ಇಷ್ಟ.

ಪ್ರಶ್ನೆ: ಡಿಸೆಂಬರ್ 31ರ ರಾತ್ರಿ 12ಕ್ಕೆ ಕೇಕ್ ಕತ್ತರಿಸಿದೆವು. ಬೆಳಿಗ್ಗೆ ತನಕ ಮೇಜಿನ ಮೇಲೇ ಇತ್ತು. ಆಮೇಲೆ ಫ್ರಿಜ್ಜಿನಲ್ಲಿಟ್ಟೆವು. ಕ್ರೀಮ್ ನೋಡೋಕೆ ಚೆನ್ನಾಗೇ ಇದೆ. ಏನಾದರೂ ಮಾಡಬಹುದಾ?
– ಓದುಗರು, ಹುಬ್ಬಳ್ಳಿ

ಬೇಡ. ಇದು ನೇರವಾಗಿ ಮೂರನೇ ಟ್ರೇಗೆ. ಕ್ರೀಮ್ ಕೇಕು ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಕೆಟ್ಟಿರುವುದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಬೇಕರಿ ಕೇಕಿನಲ್ಲಿ ಹೆಚ್ಚಾಗಿ ಎಣ್ಣೆಯಿಂದ ಮಾಡಿದ ಕ್ರೀಮ್ ಇರುತ್ತದೆ, ಅದು ಹೊರಗಿದ್ದರೂ ಆಕಾರ ಬಿಡುವುದಿಲ್ಲ. ಆಕಾರ ಇದೆ ಅಂತ ಒಳ್ಳೆಯದಿದೆ ಅಂದುಕೊಳ್ಳಬಾರದು. ಫ್ರಿಜ್ಜಿಗೆ ಆಮೇಲೆ ಇಟ್ಟರೂ ರಾತ್ರಿಯೆಲ್ಲ ಆದದ್ದು ವಾಪಸ್ ಹೋಗುವುದಿಲ್ಲ.

ಮುಂದಿನ ಸಲಕ್ಕೆ ಹೇಳುತ್ತೇನೆ. ಕತ್ತರಿಸಿ ಹಂಚಿದ ತಕ್ಷಣ ಉಳಿದದ್ದನ್ನು ಒಳಗಿಡಿ. ಮರುದಿನ ಲೋಟಗಳಲ್ಲಿ ಒಂದು ಪದರ ಕೇಕು, ಒಂದು ಪದರ ಬಾಳೆಹಣ್ಣು ಅಥವಾ ದಾಳಿಂಬೆ, ಒಂದು ಪದರ ತಣ್ಣಗಿನ ಕಸ್ಟರ್ಡ್ ಹಾಕಿ ಕೊಡಿ. ಯಾರೂ ನಿನ್ನೆಯ ಕೇಕು ಅನ್ನುವುದಿಲ್ಲ.

ಪ್ರಶ್ನೆ: ಮನೆಯಲ್ಲೇ ಬೆಣ್ಣೆ ಕೇಕ್ ಮಾಡಿದ್ದೆ. ಮೂರು ದಿನಕ್ಕೆ ಒಣಗಿತು. ಓವನ್ ನನ್ನದಲ್ಲ, ಅಕ್ಕನ ಮನೆಯದು. ಈಗ ನನ್ನ ಹತ್ತಿರ ಗ್ಯಾಸ್ ಒಲೆ ಮಾತ್ರ ಇದೆ. ಇದನ್ನು ಹೇಗೆ ಉಳಿಸಿಕೊಳ್ಳಲಿ?
– ಹೊಸದಾಗಿ ಕಲಿಯುತ್ತಿರುವವಳು, ತುಮಕೂರು

ಎರಡು ದಾರಿ ಇವೆ. ಎರಡೂ ನಮ್ಮ ಬೇಕರಿಯವೇ.

ಮೊದಲನೆಯದು ಕೇಕ್ ರಸ್ಕ್. ನಮ್ಮಲ್ಲಿ ಸಂಜೆ ಬ್ರೆಡ್ಡು ತೆಗೆದ ಮೇಲೆ ಭಟ್ಟಿಗೆ ಸೌದೆ ಹಾಕುತ್ತಿರಲಿಲ್ಲ. ಆದರೂ ಇಟ್ಟಿಗೆಯಲ್ಲಿ ಬಿಸಿ ರಾತ್ರಿಯೆಲ್ಲ ಇರುತ್ತಿತ್ತು. ಆ ಇಳಿಯುವ ಬಿಸಿಯಲ್ಲಿ ಟ್ರೇ ಇಟ್ಟರೆ ಬೆಳಿಗ್ಗೆಗೆ ರಸ್ಕು. ಬಿಸಿ ಕಡಿಮೆ ಇರಬೇಕು, ಹೊತ್ತು ಜಾಸ್ತಿ ಇರಬೇಕು. ರಸ್ಕಿನ ಗುಟ್ಟು ಅಷ್ಟೇ. ಮನೆಯಲ್ಲಿ ದಪ್ಪ ಕಬ್ಬಿಣದ ಕಾವಲಿ ಇದ್ದರೆ ಸಾಕು. ಕೇಕನ್ನು ಹೆಬ್ಬೆರಳಿನ ದಪ್ಪಕ್ಕೆ ಕತ್ತರಿಸಿ. ಕಾವಲಿಯನ್ನು ಕಾಯಿಸಿ, ಉರಿ ತೀರಾ ಸಣ್ಣಗೆ ಮಾಡಿ, ಎಣ್ಣೆ ಹಾಕದೆ ತುಂಡುಗಳನ್ನು ಜೋಡಿಸಿ. ಒಂದು ಮಗ್ಗುಲು 8ರಿಂದ 10 ನಿಮಿಷ, ತಿರುವಿ ಇನ್ನೊಂದು ಮಗ್ಗುಲೂ ಅಷ್ಟೇ. ಮುಚ್ಚಳ ಮುಚ್ಚಬೇಡಿ, ಹಬೆ ಒಳಗೇ ಉಳಿದರೆ ಕೇಕು ಮೆತ್ತಗಾಗುತ್ತದೆ. ಬಿಸಿಯಲ್ಲಿ ಮುಟ್ಟಿದರೆ ಇನ್ನೂ ಮೆತ್ತಗಿದೆ ಅನ್ನಿಸುತ್ತದೆ. ಹೆದರಬೇಡಿ, ಆರಿದ ಮೇಲೆ ಗರಿಗರಿ ಆಗುತ್ತದೆ. ಪೂರ್ತಿ ಆರದೆ ಡಬ್ಬಕ್ಕೆ ಹಾಕಬಾರದು. ಓವನ್ ಇರುವವರು 150 ಡಿಗ್ರಿಯಲ್ಲಿ ಒಂದೊಂದು ಮಗ್ಗುಲು 12ರಿಂದ 15 ನಿಮಿಷ ಇಡಬಹುದು. ಗಾಳಿಯಾಡದ ಡಬ್ಬದಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಪ್ಲಮ್ ಕೇಕಿಗೆ ಮಾತ್ರ ಇದನ್ನು ಮಾಡಬೇಡಿ, ದ್ರಾಕ್ಷಿ ಸುಟ್ಟು ಕಹಿಯಾಗುತ್ತದೆ.

ಎರಡನೆಯದು ಹನಿ ಕೇಕ್. ನಮ್ಮ ಕಡೆ ಅಯ್ಯಂಗಾರ್ ಬೇಕರಿಗಳಲ್ಲಿ ಕೆಂಪು ಜಾಮ್ ಸವರಿ, ಮೇಲೆ ಕೊಬ್ಬರಿ ಪುಡಿ ಉದುರಿಸಿರುತ್ತಾರಲ್ಲ, ಅದೇ. ಇದಕ್ಕೆ ಹೊಸ ಕೇಕಿಗಿಂತ ಒಂದು ದಿನ ಹಳೆಯ ಕೇಕೇ ಒಳ್ಳೆಯದು. ಹೊಸದು ಪಾಕ ಕುಡಿದು ಮುದ್ದೆಯಾಗುತ್ತದೆ. ಒಣಗಿದ್ದು ಪಾಕ ಕುಡಿದರೂ ನಿಲ್ಲುತ್ತದೆ. ಅರ್ಧ ಲೋಟ ಸಕ್ಕರೆ, ಅರ್ಧ ಲೋಟ ನೀರು ಹಾಕಿ ಮೂರು–ನಾಲ್ಕು ನಿಮಿಷ ಕುದಿಸಿ. ಎಳೆ ಪಾಕ ಬೇಡ. ಬೆಚ್ಚಗಾದ ಮೇಲೆ 2 ದೊಡ್ಡ ಚಮಚ ಜೇನುತುಪ್ಪ ಬೆರೆಸಿ. ಕೇಕಿನ ಮೇಲೆಲ್ಲ ಚಮಚದಲ್ಲಿ ಹಾಕಿ. 3 ಚಮಚ ಮಿಶ್ರ ಹಣ್ಣಿನ ಜಾಮಿಗೆ 1 ಚಮಚ ನೀರು ಹಾಕಿ ಬಿಸಿ ಮಾಡಿ, ಮೇಲೆ ಸವರಿ. ಒಣಕೊಬ್ಬರಿ ತುರಿ ಉದುರಿಸಿ. ಒಂದು ಗಂಟೆ ಬಿಟ್ಟು ಕತ್ತರಿಸಿ. ನಿಮ್ಮ ಮೂರು ದಿನದ ಕೇಕು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕಲಿಯುತ್ತಿದ್ದೇನೆ ಅಂದಿರಿ. ಕೇಕು ಮೂರೇ ದಿನಕ್ಕೆ ಒಣಗಿತು ಅಂದರೆ ಬಹುಶಃ ಐದು ನಿಮಿಷ ಜಾಸ್ತಿ ಬೆಂದಿದೆ, ಇಲ್ಲವೇ ಡಬ್ಬ ಸರಿಯಾಗಿ ಮುಚ್ಚಿಲ್ಲ. ಮುಂದಿನ ಸಲ ಎರಡನ್ನೂ ನೋಡಿಕೊಳ್ಳಿ.

ಪ್ರಶ್ನೆ: ಬ್ರೆಡ್ ಕೆಡಬಾರದು ಅಂತ ಫ್ರಿಜ್ಜಿನಲ್ಲಿಟ್ಟರೆ ಬೇಗ ಒಣಗುತ್ತದೆ. ಯಾಕೆ ಹೀಗೆ?
– ಶಿಕ್ಷಕರು, ದಾವಣಗೆರೆ

ಒಳ್ಳೆಯ ಪ್ರಶ್ನೆ. ಬ್ರೆಡ್ಡು ಗಟ್ಟಿಯಾಗುವುದು ನೀರು ಆರಿ ಹೋಗಿ ಮಾತ್ರ ಅಲ್ಲ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಸಡಿಲವಾಗಿರುತ್ತದೆ. ತಣ್ಣಗಾದ ಮೇಲೆ ಅದು ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ಬಿಗಿಯಾಗುತ್ತದೆ. ಈ ಬಿಗಿಯಾಗುವ ಕೆಲಸ ಫ್ರಿಜ್ಜಿನ ತಂಪಿನಲ್ಲಿ ಎಲ್ಲಕ್ಕಿಂತ ಬೇಗ ಆಗುತ್ತದೆ. ರಾತ್ರಿಯ ಅನ್ನ ಫ್ರಿಜ್ಜಿನಲ್ಲಿ ಗಟ್ಟಿಯಾಗುವುದೂ ಇದಕ್ಕೇ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಗಟ್ಟಿ.

ಅದಕ್ಕೇ ನಾನು ಹೇಳೋದು: ಎರಡು ದಿನದಲ್ಲಿ ಮುಗಿಯುವ ಬ್ರೆಡ್ಡನ್ನು ಹೊರಗೇ ಇಡಿ. ಮುಗಿಯುವುದಿಲ್ಲ ಅನ್ನಿಸಿದರೆ ಮೊದಲ ದಿನವೇ ಫ್ರೀಜರ್‌ಗೆ ಹಾಕಿ, ಅಲ್ಲಿ ಈ ಕೆಲಸ ನಿಂತುಹೋಗುತ್ತದೆ. ಬೇಕಾದಾಗ ಎರಡು ಹೋಳು ತೆಗೆದು ನೇರವಾಗಿ ಕಾವಲಿಗೆ ಹಾಕಬಹುದು. ಮಂಗಳೂರು, ಕಾರವಾರದ ಸೆಕೆಯಲ್ಲಿ ಹೊರಗಿಟ್ಟರೆ ಬೇಗ ಬೂಷ್ಟು ಬರುತ್ತದೆ. ಅಲ್ಲಿಯವರಿಗೆ ಫ್ರೀಜರ್ರೇ ಸರಿ. ಕ್ರೀಮ್ ಇಲ್ಲದ ಕೇಕಿಗೂ ಇದೇ ಮಾತು.

ಈಗಾಗಲೇ ಗಟ್ಟಿಯಾದ ಬ್ರೆಡ್ಡಿಗೆ ಉಪ್ಪಿಟ್ಟು ಇದ್ದೇ ಇದೆ. ಸಾಸಿವೆ, ಕಡಲೆಬೇಳೆ, ಈರುಳ್ಳಿ, ಟೊಮೆಟೊ ಒಗ್ಗರಣೆಗೆ ತುಂಡು ಹಾಕಿ, ಮೇಲೆ ನೀರು ಚಿಮುಕಿಸಿ ಮುಚ್ಚಿ. ಹೊಸ ಬ್ರೆಡ್ಡಿನಲ್ಲಿ ಮಾಡಿದರೆ ಅಂಟಂಟು ಆಗುತ್ತದೆ.

ಪ್ರಶ್ನೆ: ಬೂಷ್ಟು ಬಂದ ಭಾಗ ಕತ್ತರಿಸಿ ಉಳಿದದ್ದನ್ನು ಟೋಸ್ಟ್ ಮಾಡಿದರೆ ಆಗುವುದಿಲ್ವಾ?
– ಹೆಸರು ಬೇಡ, ಹಾಸನ

ಆಗುವುದಿಲ್ಲ. ಮೇಲೆ ಕಾಣುವ ಹಸಿರು ಅದರ ತಲೆ ಮಾತ್ರ. ಮೆತ್ತಗಿನ ಬ್ರೆಡ್ಡಿನೊಳಗೆ ಅದರ ಎಳೆ ಕಾಣದ ಹಾಗೆ ದೂರದವರೆಗೂ ಹೋಗಿರುತ್ತದೆ. ಪೂರ್ತಿ ಪೌಂಡು ಎಸೆಯಿರಿ. ಹತ್ತಿರ ಹಿಡಿದು ಮೂಸಲೂ ಬೇಡಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ಮಂಗಳೂರಿನ ಕ್ರೈಸ್ತರು. ಕ್ರಿಸ್‌ಮಸ್‌ಗೆ ದೊಡ್ಡ ತಟ್ಟೆ ತುಂಬ ತಿಂಡಿ ಕೊಟ್ಟರು. ಹೆಸರು ಕೂಡ ನಮಗೆ ಗೊತ್ತಿಲ್ಲ. ಸುರುಳಿ ಸುರುಳಿಯಾದ ಸಿಹಿ, ಕರ್ಜಿಕಾಯಿಯಂಥದ್ದು, ಹೂವಿನ ಆಕಾರದ್ದು. ಅರ್ಧ ಉಳಿದು ಮೆತ್ತಗಾಗಿದೆ. ಅವರ ತಟ್ಟೆಯನ್ನೂ ವಾಪಸ್ ಕೊಡಬೇಕು.
– ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಸರ್, ಆ ತಟ್ಟೆಗೆ ಒಟ್ಟಾಗಿ ಕುಸ್ವಾರ್ ಅನ್ನುತ್ತಾರೆ. ಮನೆಮಂದಿಯೆಲ್ಲ ಕೂತು ದಿನಗಟ್ಟಲೆ ಮಾಡುವಂಥದ್ದು. ಸುರುಳಿಯಾದದ್ದು ಕಿಡಿಯೊ. ಕೊಂಕಣಿಯಲ್ಲಿ ಹುಳು ಅನ್ನುವ ಅರ್ಥ, ಆಕಾರ ನೋಡಿ ಬಂದ ಹೆಸರು. ಬಾಚಣಿಗೆ ಅಥವಾ ಫೋರ್ಕಿನ ಬೆನ್ನ ಮೇಲೆ ಒಂದೊಂದನ್ನೇ ಒತ್ತಿ ಸುರುಳಿ ಮಾಡಬೇಕು. ಕರ್ಜಿಕಾಯಿಯಂಥದ್ದು ನೆವ್ರಿ. ಹೂವಿನಂಥದ್ದು ಕೊಕ್ಕಿಸಾಂ. ನಮ್ಮ ಕಡೆ ಅದಕ್ಕೆ ಗುಲಾಬಿ ಹೂ, ಅಚ್ಚು ಮುರುಕು ಅಂತೆಲ್ಲ ಹೇಳುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಇದ್ದವರು ಮಂಗಳೂರಿನವರೇ. 12 ವರ್ಷ ಆ ತಟ್ಟೆ ನಮ್ಮ ಮನೆಗೆ ಬಂದಿದೆ. ಕಿಡಿಯೊ ಒತ್ತೋದಕ್ಕೆ ನನ್ನನ್ನೂ ಕರೆಯುತ್ತಿದ್ದರು.

ಯಾವುದನ್ನು ಮೊದಲು ಮುಗಿಸಬೇಕು ಅನ್ನುವುದು ಇಲ್ಲಿ ಮುಖ್ಯ. ನೆವ್ರಿ ಮೊದಲು. ಒಳಗೆ ಕೊಬ್ಬರಿ, ಎಳ್ಳು ಇರುತ್ತದೆ. ಎರಡರಲ್ಲೂ ಎಣ್ಣೆ ಅಂಶ ಇರುವುದರಿಂದ ಕಮಟು ವಾಸನೆ ಬೇಗ ಬರುತ್ತದೆ. ನಾನು ಒಂದು ವರ್ಷ ನೆವ್ರಿ ಡಬ್ಬವನ್ನು ಜೋಪಾನ ಮಾಡಿಟ್ಟು ಮಾರ್ಚಿನಲ್ಲಿ ತೆಗೆದೆ. ಪೂರ್ತಿ ಹಾಳಾಗಿತ್ತು. ಅಷ್ಟು ಜನರ ಕೈಕೆಲಸ ಹಾಗೆ ಹೋಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ. ಆಮೇಲೆ ಕೊಕ್ಕಿಸಾಂ. ಕೊನೆಗೆ ಕಿಡಿಯೊ, ಅದು ಗಟ್ಟಿಮುಟ್ಟು.

ಮೆತ್ತಗಾದದ್ದಕ್ಕೆ ಕಾರಣ ಬರೀ ಗಾಳಿಯ ತೇವ. ಕೊಕ್ಕಿಸಾಂ, ಕಿಡಿಯೊ ಎರಡನ್ನೂ ದಪ್ಪ ಕಾವಲಿಯ ಮೇಲೆ ಹರಡಿ, ತೀರಾ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೆಚ್ಚಗೆ ಮಾಡಿ, ಆರಲು ಬಿಡಿ. ಗರಿಗರಿ ವಾಪಸ್ ಬರುತ್ತದೆ. ಸಕ್ಕರೆ ಪಾಕ ಹಚ್ಚಿದ ಕಿಡಿಯೊ ಮೇಲೆ ಕಣ್ಣಿಡಿ, ಉರಿ ಜಾಸ್ತಿಯಾದರೆ ಪಾಕ ಕರಗಿ ಕಾವಲಿಗೆ ಹಿಡಿಯುತ್ತದೆ. ಪುಡಿಯಾದ ಕಿಡಿಯೊ ಇದ್ದರೆ ಶಾವಿಗೆ ಪಾಯಸ ಮಾಡಿ, ಬಡಿಸುವ ಹೊತ್ತಿಗೆ ಮೇಲೆ ಒಂದು ಹಿಡಿ ಹಾಕಿ. ಕುದಿಯುವಾಗ ಹಾಕಬೇಡಿ, ಕರಗಿಹೋಗುತ್ತದೆ. ಮೆತ್ತಗಿನ ಪಾಯಸದ ನಡುವೆ ಕಟುಂ ಅಂತ ಸಿಗಬೇಕು, ಅದೇ ರುಚಿ.

ತಟ್ಟೆ ಬರಿದಾಗಿ ಕೊಡಬಾರದು ಅನ್ನುವುದು ನಿಮ್ಮ ಮನಸ್ಸಿನಲ್ಲೂ ಇದೆ, ಅದಕ್ಕೇ ಕೇಳಿದ್ದೀರಿ. ಸಂಕ್ರಾಂತಿ ಬಂತಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಒಂದು ಸಕ್ಕರೆ ಅಚ್ಚು ಇಟ್ಟು ಕೊಡಿ. ನಮ್ಮ ಮೇಲಿನ ಮನೆಯವರಿಗೆ ಸಕ್ಕರೆ ಅಚ್ಚಿನ ಗಿಳಿ ಅಂದರೆ ತುಂಬ ಇಷ್ಟ. ಪ್ರತಿ ವರ್ಷ ಅವರ ತಟ್ಟೆ ಹಾಗೇ ಹಿಂದಿರುಗುತ್ತಿತ್ತು.

ಪ್ರಶ್ನೆ: ನಮ್ಮ ಅತ್ತೆ ಮದ್ಯ ಸೇರಿದ ಏನನ್ನೂ ಮುಟ್ಟುವುದಿಲ್ಲ. ಉಳಿದ ರಮ್ ಕೇಕನ್ನು ಪಾಯಸ ಅಥವಾ ಪುಡಿಂಗ್ ಮಾಡಿ ಕುದಿಸಿದರೆ ರಮ್ ಹೋಗುತ್ತದಲ್ವಾ? ಹಾಗೆ ಮಾಡಿ ಕೊಡಲಾ?
– ಸೊಸೆ, ಬಾಗಲಕೋಟೆ

ಪೂರ್ತಿ ಹೋಗುವುದಿಲ್ಲ. ಅರ್ಧ ಗಂಟೆ ಬೇಯಿಸಿದರೂ ಸುಮಾರು ಮೂರನೇ ಒಂದು ಭಾಗ ಉಳಿದಿರುತ್ತದೆ. ಎರಡೂವರೆ ಗಂಟೆ ಬೇಯಿಸಿದರೂ ಸ್ವಲ್ಪ ಇದ್ದೇ ಇರುತ್ತದೆ. ಉಳಿಯದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ಅವರು ಒಂದನ್ನು ಬಿಟ್ಟಿದ್ದಾರೆ ಅಂದರೆ ಅದು ಅವರ ಮಾತು. ಹೆಸರು ಬದಲಾಯಿಸಿ ತಟ್ಟೆಗೆ ಹಾಕಬಾರದು. ಅವರಿಗೆ ಅಂತ ಬೇರೆ ಏನಾದರೂ ಮಾಡಿ. ಮೇಲೆ ಹೇಳಿದ ಹನಿ ಕೇಕನ್ನು ಮೊಟ್ಟೆ ಇಲ್ಲದ ಸಾದಾ ಕೇಕಿನಲ್ಲಿ ಮಾಡಿಕೊಟ್ಟರೆ ಖುಷಿಪಡುತ್ತಾರೆ. ಮಕ್ಕಳಿಗೂ, ಗರ್ಭಿಣಿಯರಿಗೂ ರಮ್ ಕೇಕಿನ ಪುಡಿಂಗ್ ಬೇಡ.

ಪ್ರಶ್ನೆ: ಉಳಿದ ಕೇಕು, ಬ್ರೆಡ್ಡನ್ನು ಹಸುವಿಗೆ, ಬೀದಿ ನಾಯಿಗೆ ಹಾಕುತ್ತೇನೆ. ಅನ್ನ ಎಸೆದ ಪಾಪ ಬರುವುದಿಲ್ಲ ಅಂತ. ಇದು ಸರಿ ಅಲ್ವಾ?
– ಓದುಗರು, ಮಂಡ್ಯ

ನಿಮ್ಮ ಮನಸ್ಸು ಒಳ್ಳೆಯದು. ಆದರೆ ದಯವಿಟ್ಟು ಇದನ್ನು ನಿಲ್ಲಿಸಿ. ಒಣದ್ರಾಕ್ಷಿ ನಾಯಿಗೆ ವಿಷ. ಅದರ ಮೂತ್ರಪಿಂಡ ಕೆಡುತ್ತದೆ, ಸಾಯಲೂಬಹುದು. ಪ್ಲಮ್ ಕೇಕಿನ ಒಂದು ತುಂಡಿನಲ್ಲಿ ಎಷ್ಟೊಂದು ದ್ರಾಕ್ಷಿ ಇರುತ್ತದೆ ನೋಡಿ. ಚಾಕೊಲೇಟ್ ಕೇಕೂ ನಾಯಿಗೆ ಆಗುವುದಿಲ್ಲ.

ಹಸುವಿನ ಹೊಟ್ಟೆ ಇರುವುದು ಹುಲ್ಲಿಗೆ. ಮೈದಾ, ಸಕ್ಕರೆ ಒಮ್ಮೆಗೇ ಜಾಸ್ತಿ ಹೋದರೆ ಒಳಗೆ ಹುಳಿಯಾಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಹಬ್ಬದ ಮರುದಿನ ಒಂದು ಬೀದಿಯವರೆಲ್ಲ ಸೇರಿ ಒಂದೇ ಹಸುವಿಗೆ ಹಾಕಿದರೆ ಅದರ ಜೀವಕ್ಕೇ ಕುತ್ತು. ಪ್ಲಾಸ್ಟಿಕ್ ಕವರಿನ ಸಮೇತ ಇಟ್ಟರಂತೂ ಹೇಳೋದೇ ಬೇಡ. ಬೂಷ್ಟು ಬಂದ ಬ್ರೆಡ್ಡು ನಮಗೆ ಎಷ್ಟು ಕೆಟ್ಟದ್ದೋ ಅವಕ್ಕೂ ಅಷ್ಟೇ ಕೆಟ್ಟದ್ದು. ತಿನ್ನಲಾಗದ್ದನ್ನು ಗೊಬ್ಬರದ ಗುಂಡಿಗೋ ಹಸಿ ಕಸದ ಬುಟ್ಟಿಗೋ ಹಾಕಿ. ಮಣ್ಣಿಗೆ ಹೋದರೆ ಪಾಪ ಬರುವುದಿಲ್ಲ.

ಪ್ರಶ್ನೆ: ಮನೆಗೆಲಸಕ್ಕೆ ಬರುವವರಿಗೆ, ವಾಚ್‌ಮನ್‌ಗೆ ಉಳಿದ ಕೇಕು ಕೊಡುವುದು ತಪ್ಪಾ?
– ಓದುಗರು, ಬೆಂಗಳೂರು

ಕೊಡುವುದು ತಪ್ಪಲ್ಲ. ಯಾವಾಗ ಕೊಡುತ್ತೇವೆ ಅನ್ನುವುದು ನೋಡಬೇಕು. ಇದನ್ನು ನಾನು ನನ್ನ ಮನೆಯಲ್ಲೇ ಕಲಿತೆ. ಹಲವು ವರ್ಷದ ಹಿಂದೆ ನಾಲ್ಕು ದಿನ ಫ್ರಿಜ್ಜಿನಲ್ಲಿದ್ದ ಕ್ರೀಮ್ ಕೇಕನ್ನು, ಮನೆಗೆಲಸಕ್ಕೆ ಬರುತ್ತಿದ್ದವರಿಗೆ ಡಬ್ಬಿಗೆ ಹಾಕಿಕೊಟ್ಟೆ. ಅವರು ಮುಚ್ಚಳ ತೆಗೆದು ನೋಡಿ, ‘ಅಕ್ಕಾ, ನೀವ್ಯಾಕೆ ತಿನ್ಲಿಲ್ಲ?’ ಅಂದರು. ಸಿಟ್ಟಿನಿಂದ ಅಲ್ಲ, ಸುಮ್ನೆ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಡಬ್ಬಿ ವಾಪಸ್ ತೆಗೆದುಕೊಂಡು ಕ್ಷಮೆ ಕೇಳಿದೆ.

ಅಪ್ಪ ನಿನ್ನೆಯ ಬ್ರೆಡ್ಡನ್ನು ಅರ್ಧ ಬೆಲೆಗೆ ಮಾರುತ್ತಿದ್ದರು. ಆದರೆ ‘ಇದು ನಿನ್ನೇದು’ ಅಂತ ಬಾಯಿಬಿಟ್ಟು ಹೇಳಿಯೇ ಕೊಡುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಕೇಕು ಬಂದ ದಿನವೇ ಹಂಚುವ ಭಾಗ ಕತ್ತರಿಸಿ ಬೇರೆ ಇಡುತ್ತೇವೆ. ನಾವು ತಿನ್ನುವ ಮುಂಚೆ. ಆಗ ಉಳಿಯುವುದೂ ಕಡಿಮೆ.

ಪ್ರಶ್ನೆ: ಪಾರ್ಟಿಗೆ ತಂದ ಬನ್ನು, ಬ್ರೆಡ್ಡು ಎರಡು ಪೌಂಡು ಉಳಿದಿದೆ. ನಮ್ಮ ಕಡೆ ಡಬಲ್ ಕಾ ಮೀಠಾ ಮಾಡುತ್ತಾರೆ. ಮದುವೆ ಮನೆಯ ರುಚಿ ನನಗೆ ಬರುವುದೇ ಇಲ್ಲ.
– ಉಪನ್ಯಾಸಕಿ, ಕಲಬುರಗಿ

ನಿಮ್ಮೂರಿನ ತಿಂಡಿಯನ್ನು ಅರಸೀಕೆರೆಯವಳು ಹೇಳಿಕೊಡಬೇಕಾ ಅಂತ ಸಂಕೋಚ ಇದೆ. ಆದರೂ ಬ್ರೆಡ್ಡಿನ ವಿಷಯ ಆದ್ದರಿಂದ ಹೇಳುತ್ತೇನೆ. 1956ರವರೆಗೆ ನಿಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ. ಅಲ್ಲಿಯ ಊಟದ ರುಚಿ ಇನ್ನೂ ನಿಮ್ಮ ಮದುವೆ ಮನೆಗಳಲ್ಲಿದೆ. ಡಬಲ್ ರೊಟ್ಟಿ ಅಂದರೆ ಬ್ರೆಡ್ಡು. ಹಿಟ್ಟು ಉಬ್ಬಿ ಎರಡರಷ್ಟಾಗುವುದರಿಂದ ಆ ಹೆಸರು ಬಂತು ಅನ್ನುತ್ತಾರೆ.

ನೀವು ಬಹುಶಃ ಹೊಸ ಬ್ರೆಡ್ಡಿನಲ್ಲಿ ಮಾಡುತ್ತಿದ್ದೀರಿ, ಅಥವಾ ಕರಿಯುವ ಮುಂಚೆ ಒಣಗಿಸುತ್ತಿಲ್ಲ. 8 ಹೋಳನ್ನು ಬಟ್ಟೆಯ ಮೇಲೆ ಹರಡಿ ನಾಲ್ಕೈದು ಗಂಟೆ ಗಾಳಿಗೆ ಬಿಡಿ. ಆಮೇಲೆ ತುಪ್ಪದಲ್ಲಿ ಸಣ್ಣ ಉರಿಯಲ್ಲಿ, ಹೊರಗೂ ಒಳಗೂ ಒಂದೇ ಸಮ ಕೆಂಪಗಾಗುವ ತನಕ ಕರಿಯಿರಿ. ಮಧ್ಯೆ ಬಿಳಿ ಉಳಿದರೆ ಆಮೇಲೆ ಅಂಟಾಗುತ್ತದೆ. ಅರ್ಧ ಲೀಟರ್ ಹಾಲನ್ನು ಅರ್ಧಕ್ಕೆ ಇಳಿಸಿ. ಮುಕ್ಕಾಲು ಲೋಟ ಸಕ್ಕರೆಗೆ ಅರ್ಧ ಲೋಟ ನೀರು ಹಾಕಿ ಪಾಕ ಮಾಡಿ, ಏಲಕ್ಕಿ, ಕೇಸರಿ ಹಾಕಿ. ಮೊದಲು ಪಾಕ, ಆಮೇಲೆ ಹಾಲು. ಮೊದಲೇ ಹಾಲು ಹಾಕಿದರೆ ಬ್ರೆಡ್ಡು ಮುದ್ದೆಯಾಗಿ ಪಾಕ ಒಳಗೆ ಇಳಿಯುವುದಿಲ್ಲ. ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಹತ್ತು ನಿಮಿಷ ದಮ್ಮಿಗೆ ಬಿಡಿ. ಬನ್ನನ್ನೂ ಹೀಗೇ ಮಾಡಬಹುದು, ಸಕ್ಕರೆ ಸ್ವಲ್ಪ ಕಡಿಮೆ ಹಾಕಿ. ಮಾಡಿ ನೋಡಿ ನನಗೊಂದು ಪತ್ರ ಬರೆಯಿರಿ.

ಪ್ರಶ್ನೆ: ಖಾರ ಬಿಸ್ಕೆಟ್ಟು ಮೆತ್ತಗಾಗಿದೆ.
– ಓದುಗರು, ಚಿಕ್ಕಬಳ್ಳಾಪುರ

ಕಾವಲಿ ಮೇಲೆ ಬೆಚ್ಚಗೆ ಮಾಡಿ ಆರಿಸಿ. ಆಗಲೂ ಸರಿಹೋಗದಿದ್ದರೆ ಪುಡಿ ಮಾಡಿ ಕಟ್ಲೆಟ್ಟಿನ ಮೇಲೆ ಹೊರಳಿಸಿ. ಉಪ್ಪು, ಖಾರ, ಕರಿಬೇವು ಎಲ್ಲ ಅದರಲ್ಲೇ ಇದೆ. ಬ್ರೆಡ್ ಪುಡಿಗಿಂತ ಚೆನ್ನಾಗಿರುತ್ತದೆ.

ಪ್ರಶ್ನೆ: ಅಕ್ಕಾ, ನಾನು ಪಿಜಿಯಲ್ಲಿ ಇದ್ದೀನಿ. ಅಮ್ಮ ಊರಿಂದ ಕೊಟ್ಟ ಕೇಕು ಗಟ್ಟಿಯಾಗಿದೆ. ನನ್ನ ಹತ್ತಿರ ಇರೋದು ಎಲೆಕ್ಟ್ರಿಕ್ ಕೆಟಲ್ ಮಾತ್ರ.
– ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಸಾಕು ಪುಟ್ಟಾ. ಕೆಟಲ್‌ನಲ್ಲಿ ಹಾಲು ಕಾಯಿಸಬೇಡ, ಉಕ್ಕಿ ಒಳಗೆ ಹಿಡಿದುಕೊಳ್ಳುತ್ತದೆ. ಬರೀ ನೀರು ಕುದಿಸು. ಸ್ಟೀಲ್ ಲೋಟದಲ್ಲಿ ಕೇಕು ಮುರಿದು ಹಾಕು, 2 ಚಮಚ ಹಾಲಿನ ಪುಡಿ ಹಾಕು, ಮುಳುಗುವಷ್ಟು ಬಿಸಿನೀರು ಸುರಿದು ತಟ್ಟೆ ಮುಚ್ಚಿಡು. ಐದು ನಿಮಿಷ ಬಿಟ್ಟು ಚಮಚದಲ್ಲಿ ತಿನ್ನು. ಪರೀಕ್ಷೆ ಹಿಂದಿನ ರಾತ್ರಿ ಹೊಟ್ಟೆ ತುಂಬುತ್ತದೆ. ಅಮ್ಮನಿಗೆ ಫೋನ್ ಮಾಡಿ ಕೇಕು ಪೂರ್ತಿ ಮುಗೀತು ಅಂತ ಹೇಳು, ಖುಷಿಪಡುತ್ತಾರೆ.

ಪ್ರಶ್ನೆ: ಮಗಳು ಇಟಲಿಯ ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದವಳು ಪ್ಯಾನೆಟೋನೆ ಅಂತ ಎತ್ತರದ ಗೋಪುರದಂಥ ಕೇಕು ತಂದಳು. 1 ಕಿಲೋ ಇದೆ. ಕೇಕೂ ಅಲ್ಲ, ಬ್ರೆಡ್ಡೂ ಅಲ್ಲ. ಅರ್ಧ ಉಳಿದಿದೆ. ಅವಳು ವಾಪಸ್ ಹೋದಳು.
– ತಾಯಿ, ಧಾರವಾಡ

ನೀವು ಹೇಳಿದ್ದು ಸರಿಯಾಗಿದೆ. ಅದು ಹುಳಿ ಬರಿಸಿದ ಹಿಟ್ಟಿನಿಂದ ಮಾಡುವ ಬ್ರೆಡ್ಡೇ. ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಹಾಕಿ ಶ್ರೀಮಂತವಾಗಿ ಮಾಡಿರುತ್ತಾರೆ. ಬೆಂದ ಮೇಲೆ ಕುಸಿಯಬಾರದು ಅಂತ ತಲೆಕೆಳಗಾಗಿ ತೂಗುಹಾಕಿ ಆರಿಸುತ್ತಾರೆ. ಅದರ ಹುಟ್ಟೂರೇ ಮಿಲಾನ್.

ಒಣಗಿದ್ದನ್ನು ಹೆಬ್ಬೆರಳಿನ ದಪ್ಪ ಕತ್ತರಿಸಿ, ಕಾವಲಿಗೆ ಸ್ವಲ್ಪ ತುಪ್ಪ ಹಾಕಿ, ಎರಡೂ ಕಡೆ ಕೆಂಪಗೆ ಮಾಡಿ. ಧಾರವಾಡದಲ್ಲಿ ಒಳ್ಳೆಯ ಹಾಲು ಸಿಗುತ್ತದೆ, ಗಟ್ಟಿ ಕೆನೆ ತೆಗೆದು ಸ್ವಲ್ಪ ಸಕ್ಕರೆ ಹಾಕಿ ಕಡೆದು ಪಕ್ಕದಲ್ಲಿಡಿ. ಇಟಲಿಯಲ್ಲೂ ಅದನ್ನು ಕ್ರೀಮಿನ ಜೊತೆ ತಿನ್ನುವವರು ತುಂಬ ಜನ. ಮೊದಲ ಉತ್ತರದಲ್ಲಿ ಹೇಳಿದ ಪುಡಿಂಗಿಗೂ ಇದು ಚೆನ್ನಾಗಿ ಹೊಂದುತ್ತದೆ. ಒಂದು ಲೋಟ ಹಾಲು ಜಾಸ್ತಿ ಹಿಡಿಯಬಹುದು.

ಒಂದು ತುಂಡನ್ನು ಮಾತ್ರ ಬೆಣ್ಣೆ ಕಾಗದದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಮಿಲಾನ್‌ನಲ್ಲಿ ಫೆಬ್ರವರಿ 3 ಸಂತ ಬಿಯಾಜೊ ಹಬ್ಬ. ಗಂಟಲು ಕಾಯುವ ಸಂತ ಅಂತ ನಂಬಿಕೆ. ಕ್ರಿಸ್‌ಮಸ್‌ನಲ್ಲಿ ಉಳಿಸಿಟ್ಟ ಪ್ಯಾನೆಟೋನೆಯ ತುಂಡನ್ನು ಆ ದಿನ ಬೆಳಿಗ್ಗೆ ಮನೆಮಂದಿಯೆಲ್ಲ ತಿನ್ನುತ್ತಾರೆ. ಮಗಳು ಅಲ್ಲಿ ತಿನ್ನುವ ದಿನ ನೀವು ಇಲ್ಲಿ ಬೆಚ್ಚಗೆ ಮಾಡಿಕೊಂಡು ತಿನ್ನಿ. ಅಲ್ಲಿ ಬೆಳಿಗ್ಗೆ 8 ಆದಾಗ ನಮಗೆ ಮಧ್ಯಾಹ್ನ 12:30. ಊಟದ ಮುಂಚೆ ಒಂದು ವಿಡಿಯೋ ಕಾಲ್ ಮಾಡಬಹುದು.